ದಾವಣಗೆರೆಯಲ್ಲಿ ಚಿಕ್ಕ ಸಂಸಾರಕ್ಕೆ ಕೈಗೆಟುಕುವ ಬಡಾವಣೆ ಹುಡುಕುವುದು ಹೇಗೆ

ದಾವಣಗೆರೆಯಲ್ಲಿ ಮನೆ ಹುಡುಕಲು ಹೊರಟವರು ಎರಡು ಪ್ರಶ್ನೆ ಕೇಳುತ್ತಾರೆ. ಬಾಡಿಗೆ ಎಷ್ಟು? ಗಾಂಧಿ ಸರ್ಕಲ್‌ಗೆ ಎಷ್ಟು ದೂರ? ಎರಡನೇ ಪ್ರಶ್ನೆಯನ್ನು ಬಿಟ್ಟುಬಿಡಿ. ಇದು ಬೆಂಗಳೂರಲ್ಲ, ಇಲ್ಲಿ ಊರ ತುದಿ ಅಂದರೂ ಆರೇಳು ಕಿಲೋಮೀಟರ್ ಅಷ್ಟೇ. ಕೇಳಬೇಕಾದ್ದು ಬೇರೆ: ದಿನಾ ನೀವು ಹೋಗುವ ದಾರಿಯಲ್ಲಿ ರೈಲು ಹಳಿ ಅಡ್ಡ ಬರುತ್ತಾ, ಏಪ್ರಿಲ್‌ನಲ್ಲಿ ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ, ಮಳೆಗಾಲದಲ್ಲಿ ಸ್ಕೂಲ್ ವ್ಯಾನ್ ಮನೆ ಬಾಗಿಲಿಗೆ ಬರುತ್ತಾ ಇಲ್ಲವಾ. ಅಗ್ಗದ ಬಡಾವಣೆ ಅಂತ ಹೋದವರು ಬಾಡಿಗೆಯಲ್ಲಿ ಉಳಿಸಿದ್ದನ್ನು ಈ ಮೂರರಲ್ಲಿ ಕಳೆಯುವುದೇ ಜಾಸ್ತಿ.

ಮೊದಲು ರೈಲಿನ ಮಾತು. ಬೆಂಗಳೂರು–ಹುಬ್ಬಳ್ಳಿ ಮಾರ್ಗ ಊರಿನ ನಡುವೆಯೇ ಹಾದುಹೋಗಿದೆ. ಈಗ ಜೋಡಿ ಹಳಿ, ಗಾಡಿಗಳೂ ಹೆಚ್ಚು. ರೈಲು ಗೇಟಿನ ಕಾಟ ಊರಿಗೆಲ್ಲ ಗೊತ್ತಿರುವುದೇ. ಗೇಟ್ ಇಲ್ಲದ ಕಡೆ ಅಂಡರ್‌ಪಾಸ್ ಇರುತ್ತದೆ, ಜೋರು ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತದೆ. ಹಾಗಾಗಿ ನಿಮ್ಮ ಕೆಲಸ, ಮಗುವಿನ ಶಾಲೆ, ಮನೆ, ಈ ಮೂರೂ ಹಳಿಯ ಒಂದೇ ಬದಿಗೆ ಬರುವಂತೆ ನೋಡಿಕೊಳ್ಳಿ. ಆಗದಿದ್ದರೆ ಮನೆ ಮತ್ತು ಶಾಲೆಯಾದರೂ ಒಂದೇ ಬದಿಗಿರಲಿ. ಮಂಡಿಪೇಟೆ, ಚೌಕಿಪೇಟೆಯಲ್ಲಿ ಅಂಗಡಿ ಇದ್ದು ಮನೆ ಮಾತ್ರ ಶಾಮನೂರು ಕಡೆ ಮಾಡಿದರೆ ದಿನಾ ಹಳಿ ದಾಟುವುದು, ಪೇಟೆಯ ಇಕ್ಕಟ್ಟು, ಪಾರ್ಕಿಂಗ್ ಎಲ್ಲವೂ ಒಟ್ಟಿಗೆ ಗಂಟು ಬೀಳುತ್ತವೆ. ಮ್ಯಾಪ್ ನೋಡಿ ಲೆಕ್ಕ ಹಾಕಬೇಡಿ. ವಾರದ ನಡುವಿನ ಒಂದು ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ, ಸಂಜೆ ಆರಕ್ಕೆ ಆ ದಾರಿಯಲ್ಲಿ ಗಾಡಿ ಓಡಿಸಿ ನೋಡಿ. ಭಾನುವಾರ ಮಧ್ಯಾಹ್ನ ಬ್ರೋಕರ್ ಜೊತೆ ಹೋದರೆ ಎಲ್ಲ ದಾರಿಯೂ ಹತ್ತು ನಿಮಿಷದ್ದೇ.

ಬಡಾವಣೆಗಳನ್ನು ನಾನು ಮೂರು ಸುತ್ತಾಗಿ ನೋಡುತ್ತೇನೆ. ಪಿ.ಜೆ. ಬಡಾವಣೆ, ಎಂಸಿಸಿ ಎ ಮತ್ತು ಬಿ ಬ್ಲಾಕ್, ವಿದ್ಯಾನಗರ, ಎಸ್.ಎಸ್. ಲೇಔಟ್ ಎಲ್ಲ ಒಳ್ಳೆಯ ಜಾಗಗಳೇ, ಆದರೆ ಹೊಸದಾಗಿ ಮದುವೆಯಾಗಿ ಒಂದು ಮಗು ಇರುವ, ಒಂದೂವರೆ ಸಂಬಳದ ಸಂಸಾರಕ್ಕೆ ಭಾರ. ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳಿಗೆ ಹತ್ತಿರ ಇರುವ ರಸ್ತೆಗಳಲ್ಲಿ ಬಾಡಿಗೆ ಕಟ್ಟುವುದು ನಿಮ್ಮಂಥ ಒಂದು ಸಂಸಾರವಲ್ಲ, ನಾಲ್ಕು ಜನ ವಿದ್ಯಾರ್ಥಿಗಳು ಸೇರಿ. ಅವರ ಜೊತೆ ನೀವು ಪೈಪೋಟಿ ಮಾಡಲಾರಿರಿ. ಎರಡನೇ ಸುತ್ತು ನಿಟುವಳ್ಳಿ, ಕೆ.ಟಿ.ಜೆ. ನಗರ, ವಿನೋಬನಗರ, ದೇವರಾಜ ಅರಸು ಬಡಾವಣೆ, ಸರಸ್ವತಿ ನಗರ ಇಂಥವು. ಮೂರನೆಯದು ಶಾಮನೂರು, ಕುಂದುವಾಡ, ಆವರಗೆರೆ, ಬಾತಿ, ಶಿರಮಗೊಂಡನಹಳ್ಳಿ ಸುತ್ತಮುತ್ತ, ಬೇತೂರು ರಸ್ತೆ ಕಡೆ ಎದ್ದಿರುವ ಹೊಸ ಲೇಔಟ್‌ಗಳು. ಇದರಲ್ಲಿ ಶಾಮನೂರು ಹೆಸರಿಗಷ್ಟೇ ಹಳ್ಳಿ ಅನ್ನಿ, ದರ ಪೇಟೆಯದೇ.

ನನ್ನ ಅಭಿಪ್ರಾಯ ಕೇಳಿದರೆ, ಬಾಡಿಗೆಗಾದರೆ ಎರಡನೇ ಸುತ್ತು. ಹೊಸ ಲೇಔಟ್‌ನ ಹೊಳೆಯುವ ಟೈಲ್ಸ್ ನೋಡಿ ಮನಸ್ಸು ಅತ್ತ ಎಳೆಯುತ್ತದೆ ನಿಜ. ಆದರೆ ನಿಟುವಳ್ಳಿಯ ಇಪ್ಪತ್ತು ವರ್ಷದ ಹಳೇ ಮನೆಗೆ ನಲ್ಲಿ, ಚರಂಡಿ, ಬೀದಿದೀಪ, ಮೂಲೆಯಲ್ಲಿ ಹಾಲು, ರಾತ್ರಿ ಹತ್ತಕ್ಕೂ ತೆಗೆದಿರುವ ಔಷಧಿ ಅಂಗಡಿ ಎಲ್ಲ ಆಗಲೇ ಇರುತ್ತವೆ. ರಾತ್ರಿ ಮಗುವಿಗೆ ಜ್ವರ ಬಂದಾಗ ಬಾಪೂಜಿ ಮಕ್ಕಳ ಆಸ್ಪತ್ರೆಯೋ ಸಿ.ಜಿ. ಆಸ್ಪತ್ರೆಯೋ ಹತ್ತಿರ ಅನ್ನುವುದು ಮೂರು ವರ್ಷದೊಳಗಿನ ಮಗು ಇರುವ ಮನೆಗೆ ಸಣ್ಣ ಮಾತಲ್ಲ. ಮೂರನೇ ಸುತ್ತಿಗೆ ಹೋಗುವುದು ಸೈಟ್ ತೆಗೆದುಕೊಳ್ಳಲು, ಅಥವಾ ನಿಮ್ಮ ಕೆಲಸವೇ ಆ ಕಡೆ ಇದ್ದರೆ. ಗಂಡನಿಗೋ ಹೆಂಡತಿಗೋ ಹರಿಹರದಲ್ಲಿ ಕೆಲಸ ಇದ್ದರೆ ಆಗ ಬಾತಿ ಕಡೆ ನೋಡುವುದರಲ್ಲಿ ಅರ್ಥವಿದೆ.

ಬಾಡಿಗೆಯ ಲೆಕ್ಕ

ಬಾಡಿಗೆ ಎರಡು ಸಾವಿರ ಕಡಿಮೆ ಅಂತ ದೂರ ಹೋಗುವ ಮುಂಚೆ ಒಂದು ಚೀಟಿ ಬರೆಯಿರಿ. ಮನೆಯಿಂದ ಕೆಲಸಕ್ಕೆ ಏಳು ಕಿಲೋಮೀಟರ್ ಅಂದರೆ ಹೋಗಿ ಬರಲು ಹದಿನಾಲ್ಕು, ತಿಂಗಳಿಗೆ 26 ದಿನ ಅಂದರೆ 364 ಕಿಲೋಮೀಟರ್. ಲೀಟರಿಗೆ 45 ಕೊಡುವ ಸ್ಕೂಟರ್ ಆದರೆ ಎಂಟು ಲೀಟರ್, ಅಂದರೆ ಎಂಟುನೂರು ರೂಪಾಯಿ ದಾಟಿತು. ನಮ್ಮೂರಲ್ಲಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರುವ ಅಭ್ಯಾಸ ಬೇರೆ ಇದೆ ಅಲ್ವಾ, ಹಾಗೆ ಬಂದರೆ ಅದು ಎರಡು ಪಟ್ಟು. ಇಬ್ಬರೂ ದುಡಿಯುವವರಾದರೆ ಇನ್ನೊಂದು ಗಾಡಿ. ಇದರ ಮೇಲೆ ಶಾಲೆಯ ಆಟೊ ಅಥವಾ ವ್ಯಾನ್, ಅದು ದೂರ ನೋಡಿಯೇ ದರ ಹೇಳುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕಾಗಿ ಬಂದರೆ ಅದೂ ಸೇರಿಸಿ. ಎಲ್ಲ ಕೂಡಿಸಿದ ಮೇಲೆ ಯಾವ ಮನೆ ಅಗ್ಗ ಅಂತ ನೋಡಿ. ಬಹಳ ಸಲ ಪೇಟೆ ಹತ್ತಿರದ ಚಿಕ್ಕ ಮನೆಯೇ ಗೆಲ್ಲುತ್ತದೆ.

ಒಂದು ವಿನಾಯಿತಿ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ಹಾಗಾಗಿ ಸರ್ಕಾರಿ ನಗರ ಸಾರಿಗೆ ಬಸ್ ನಿಲ್ಲುವ ಜಾಗದಿಂದ ಐದು ನಿಮಿಷ ನಡೆದರೆ ಸಿಗುವ ಮನೆ ಆದರೆ ಒಂದು ಗಾಡಿಯ ಖರ್ಚು ಪೂರ್ತಿ ಉಳಿಯಬಹುದು. ಆದರೆ ಬಸ್ ಇದೆ ಅಂತ ಮನೆ ಮಾಲೀಕರು ಹೇಳಿದ್ದನ್ನು ನಂಬಬೇಡಿ, ಸ್ಟಾಪ್‌ನಲ್ಲಿ ಕಾಯುತ್ತಿರುವ ಹೆಂಗಸರನ್ನು ಕೇಳಿ. ಎಷ್ಟು ಹೊತ್ತಿಗೊಂದು ಬಸ್, ಸಂಜೆ ಕೊನೆಯದು ಯಾವಾಗ, ಭಾನುವಾರ ಬರುತ್ತಾ. ಅವರ ಬಾಯಲ್ಲಿ ಟೈಂಟೇಬಲ್ ಇರುತ್ತದೆ.

ನೀರು

ಊರಿಗೆ ನೀರು ಬರುವುದು ತುಂಗಭದ್ರಾ ನದಿಯಿಂದ, ಜೊತೆಗೆ ಭದ್ರಾ ನಾಲೆಯಿಂದ. ನಾಲೆಯಲ್ಲಿ ನೀರು ಬಿಟ್ಟಾಗ ಕುಂದುವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆ ತುಂಬಿಸಿಕೊಂಡು ಅದನ್ನೇ ನಿಧಾನವಾಗಿ ಬಳಸುತ್ತಾರೆ. ನಾಲೆ ನಿಂತು, ಹೊಳೆಯೂ ಇಳಿದಾಗ ನೀರಿನ ಸರದಿ ಉದ್ದವಾಗುತ್ತದೆ. ಅಂದಮೇಲೆ ಜುಲೈ–ಆಗಸ್ಟ್‌ನಲ್ಲಿ ಮನೆ ನೋಡಿ "ನೀರು ಚೆನ್ನಾಗಿದೆ" ಅಂತ ತೀರ್ಮಾನಿಸುವುದು ಸುಮ್ನೆ. ಮನೆ ನೋಡಲು ಒಳ್ಳೆಯ ಕಾಲ ಮಾರ್ಚ್‌ನಿಂದ ಮೇ. ಆಗ ಬಿಸಿಲೂ ಗೊತ್ತಾಗುತ್ತದೆ, ನೀರೂ ಗೊತ್ತಾಗುತ್ತದೆ. ಬೇರೆ ಕಾಲದಲ್ಲಿ ಹೋದರೆ ಪಕ್ಕದ ಮನೆಯವರನ್ನು ಕೇಳಿ: ಹೋದ ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ಬಿಟ್ಟರು, ಎಷ್ಟು ಹೊತ್ತು ಬಿಟ್ಟರು, ಬೆಳಗಿನ ಜಾವ ಎದ್ದು ಹಿಡಿಯಬೇಕಾ.

ಮನೆಯಲ್ಲಿ ನೋಡಬೇಕಾದ್ದು ಸಂಪ್. ನೆಲದೊಳಗಿನ ತೊಟ್ಟಿ ಎಷ್ಟು ದೊಡ್ಡದು, ಎಷ್ಟು ಮನೆಗೆ ಒಂದು ಸಂಪ್, ಮೋಟರ್ ಹಾಕುವವರು ಯಾರು, ಆ ಕರೆಂಟ್ ಬಿಲ್ ಯಾರದು. ಮಾಲೀಕರು ಕೆಳಗೆ, ಬಾಡಿಗೆಯವರು ಮೇಲೆ ಇದ್ದು ಸಂಪ್ ಒಂದೇ ಆದರೆ ಜಗಳ ಅಲ್ಲಿಂದಲೇ ಶುರು. ಬೋರ್ ಇದೆ ಅಂದರೆ ಖುಷಿ ಪಡಿ, ಆದರೆ ಅದನ್ನೇ ಮಗುವಿಗೆ ಕುಡಿಸಬೇಡಿ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಅಂತರ್ಜಲದಲ್ಲಿ ಹಲವು ಕಡೆ ಫ್ಲೋರೈಡ್ ಹೆಚ್ಚಿದೆ. ಅದು ಕುದಿಸಿದರೆ ಹೋಗುವುದಿಲ್ಲ, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳಿಸುತ್ತದೆ. ಶುದ್ಧ ಕುಡಿಯುವ ನೀರಿನ ಘಟಕ ನಡೆದು ಹೋಗುವಷ್ಟು ಹತ್ತಿರ ಇದೆಯಾ, ಇದ್ದರೂ ಕೆಲಸ ಮಾಡುತ್ತಿದೆಯಾ ನೋಡಿ. ಎಷ್ಟೋ ಕಡೆ ಘಟಕದ ಬೋರ್ಡ್ ಹೊಸದಾಗಿರುತ್ತದೆ, ಯಂತ್ರ ಕೆಟ್ಟಿರುತ್ತದೆ.

ಹೊಸ ಲೇಔಟ್ ನೋಡುವಾಗ

ಬಡಾವಣೆಯಲ್ಲಿ ಜನ ನಿಜವಾಗಿ ಸಂಸಾರ ಮಾಡಿಕೊಂಡಿದ್ದಾರಾ ಅಂತ ತಿಳಿಯಲು ನನ್ನದೊಂದು ಪರೀಕ್ಷೆ ಇದೆ. ಹಿಟ್ಟಿನ ಗಿರಣಿ ಎಲ್ಲಿದೆ ಅಂತ ಕೇಳಿ. ಬೇಕರಿ, ಮೊಬೈಲ್ ಅಂಗಡಿ ಎಲ್ಲಿ ಬೇಕಾದರೂ ತೆರೆಯುತ್ತವೆ, ಆದರೆ ಗಿರಣಿ ನಡೆಯಬೇಕಾದರೆ ಸುತ್ತ ರೊಟ್ಟಿ, ಚಪಾತಿ ಮಾಡುವ ಮನೆಗಳು ಸಾಕಷ್ಟು ಬೇಕು. ಗಿರಣಿ, ಹಾಲಿನ ಅಂಗಡಿ, ಇಸ್ತ್ರಿ ಅಂಗಡಿ ಮೂರೂ ಇದ್ದರೆ ಆ ಬಡಾವಣೆ ತುಂಬಿದೆ. ಮೂರೂ ಇಲ್ಲದೆ ಬರೀ ಕಮಾನು, ಪಾರ್ಕಿನ ಬೋರ್ಡ್, ಎರಡು ತೆಂಗಿನ ಗಿಡ ಇದ್ದರೆ ಅಲ್ಲಿ ಸೈಟ್ ಕೊಂಡವರೆಲ್ಲ ದರ ಏರಲಿ ಅಂತ ಕಾಯುತ್ತಿದ್ದಾರೆ. ಹತ್ತು ಸೈಟಿಗೆ ಒಂದು ಮನೆ ಇರುವ ಕಡೆ ಹೆಂಗಸು, ಮಗು ಇಬ್ಬರೇ ಸಂಜೆವರೆಗೆ ಇರುವುದು ಕಷ್ಟ. ಖಾಲಿ ಸೈಟಿನಲ್ಲಿ ಜಾಲಿ ಬೆಳೆದಿರುತ್ತದೆ, ಹಾವು ಬರುತ್ತದೆ, ನಾಯಿಗಳ ಹಿಂಡು ಇರುತ್ತದೆ. ರಾತ್ರಿ ಎಂಟು ಗಂಟೆ ಮೇಲೆ ಒಮ್ಮೆ ಹೋಗಿ ಬೀದಿದೀಪ ಉರಿಯುತ್ತಾ ನೋಡಿ ಬನ್ನಿ.

ಮಣ್ಣು ನೋಡುವವರು ಕಡಿಮೆ. ನಮ್ಮ ಸುತ್ತಲಿನ ಎಷ್ಟೋ ಲೇಔಟ್‌ಗಳು ನಿನ್ನೆ ಮೊನ್ನೆಯವರೆಗೆ ಭದ್ರಾ ನೀರಿನ ಭತ್ತದ ಗದ್ದೆ. ಕೆಲವು ಕಡೆ ಅಪ್ಪಟ ಎರೆ ಮಣ್ಣು. ಎರೆ ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲೆ ನಿಂತ ಗೋಡೆಯೂ ಅದರ ಜೊತೆ ಬಿರಿಯುತ್ತದೆ. ಕಟ್ಟುವವರು ಗಟ್ಟಿ ನೆಲ ಸಿಗುವವರೆಗೆ ತೋಡಿ ಪಿಲ್ಲರ್ ಎಬ್ಬಿಸಿ ಕೆಳಗೆ ಬೀಮ್ ಕಟ್ಟಬೇಕು. ಆ ಖರ್ಚು ಪಾಯದಲ್ಲೇ ಲಕ್ಷಗಟ್ಟಲೆ ತಿನ್ನುತ್ತದೆ. ಅಗ್ಗದ ಸೈಟ್ ಅಗ್ಗವಾಗಿರಲು ಇದೂ ಒಂದು ಕಾರಣ, ಮಾರುವವರು ಇದನ್ನು ಹೇಳುವುದಿಲ್ಲ. ಪಕ್ಕದಲ್ಲಿ ಯಾರಾದರೂ ಮನೆ ಕಟ್ಟುತ್ತಿದ್ದರೆ ಮೇಸ್ತ್ರಿಯನ್ನು ಮಾತಾಡಿಸಿ, ಎಷ್ಟು ಅಡಿ ತೋಡಿದಿರಿ, ನೀರು ಬಂತಾ ಅಂತ. ಬ್ರೋಷರ್‌ಗಿಂತ ಅವರ ಎರಡು ಮಾತು ಹೆಚ್ಚು ಕೆಲಸಕ್ಕೆ ಬರುತ್ತದೆ. ಬಾಡಿಗೆ ಮನೆಯಾದರೆ ಕಿಟಕಿ ಮೂಲೆಯಿಂದ ಓರೆಯಾಗಿ ಹೋದ ಬಿರುಕುಗಳನ್ನು, ಗೋಡೆಯ ಕೆಳಗಿನ ತೇವವನ್ನು ನೋಡಿ. ಡಾಂಬರು ಕಾಣದ ಎರೆ ರಸ್ತೆ ಆದರೆ ಒಂದು ಮಳೆಗೆ ಆಟೊದವರು ಒಳಗೆ ಬರಲ್ಲ ಅಂತಾರೆ, ನೀವು ಮಗುವನ್ನು ಎತ್ತಿಕೊಂಡು ಮುಖ್ಯರಸ್ತೆವರೆಗೆ ನಡೆಯಬೇಕು.

ಹೊಗೆ, ವಾಸನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ದಾವಣಗೆರೆ ಮಂಡಕ್ಕಿ ಎಲ್ಲರಿಗೂ ಇಷ್ಟ, ಮಂಡಕ್ಕಿ ಭಟ್ಟಿಯ ಹೊಗೆ ಮಗುವಿನ ಎದೆಗೆ ಇಷ್ಟವಾಗುವುದಿಲ್ಲ. ರೈಸ್ ಮಿಲ್ ಹತ್ತಿರ ಇದ್ದರೆ ಒಣಗಿಸಿದ ಬಟ್ಟೆ ಮೇಲೆ ಬೂದಿ. ಮನೆ ನೋಡಲು ಹೋದಾಗ ತಾರಸಿ ಹತ್ತಿ ನೆಲವನ್ನು ಬೆರಳಿಂದ ಒರೆಸಿ ನೋಡಿ. ಕಪ್ಪು ಬಂದರೆ ಇನ್ನೊಂದು ಮನೆ ಹುಡುಕಿ. ತಾರಸಿ ಹತ್ತಿದ್ದರಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ: ನಿಮ್ಮ ಪೋರ್ಷನ್ ನೇರ ತಾರಸಿ ಕೆಳಗೇ ಇದ್ದರೆ, ಅಥವಾ ಶೀಟ್ ಹಾಕಿದ್ದರೆ, ಏಪ್ರಿಲ್–ಮೇ ತಿಂಗಳಲ್ಲಿ ಮಗು ರಾತ್ರಿ ಮಲಗುವುದಿಲ್ಲ. ಬಾಡಿಗೆ ಸ್ವಲ್ಪ ಹೆಚ್ಚಾದರೂ ನೆಲಮಹಡಿ ವಾಸಿ.

ಶಾಲೆ ವಿಷಯದಲ್ಲಿ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಅವರವರ ಲೆಕ್ಕ ಇರುತ್ತದೆ. ಒಂದೇ ಮಾತು: ಹತ್ತನೇ ಕ್ಲಾಸಿನ ಫಲಿತಾಂಶ ನೋಡಿ ಎರಡು ವರ್ಷದ ಮಗುವಿಗೆ ಬಡಾವಣೆ ಆರಿಸಬೇಡಿ. ಈಗ ಬೇಕಾಗಿರುವುದು ನಡೆದು ಹೋಗುವ ದೂರದಲ್ಲಿ ಒಂದು ಅಂಗನವಾಡಿ ಅಥವಾ ಪುಟ್ಟ ಪ್ರೀ-ಸ್ಕೂಲ್, ಮಗು ಓಡಾಡಲು ಒಂದು ಪಾರ್ಕ್. ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್, ಪಕ್ಕದಲ್ಲೇ ಗಾಜಿನ ಮನೆ, ಇವೆಲ್ಲ ಆ ಕಡೆ ಮನೆ ಮಾಡಿದವರಿಗೆ ಹೆಚ್ಚುವರಿ ಲಾಭ.

ಇನ್ನು ಅಜ್ಜ–ಅಜ್ಜಿ. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಮಗುವನ್ನು ನೋಡಿಕೊಳ್ಳಲು ಊರಿಂದ ಯಾರೋ ಬಂದು ಹೋಗುತ್ತಿರುತ್ತಾರೆ. ಅವರಿಗೆ ಬಸ್ ಇಳಿದು ಮತ್ತೆ ಆಟೊ ಹಿಡಿಯುವ ರಗಳೆ ಇರಬಾರದು. ಚನ್ನಗಿರಿ ಕಡೆಯವರಾದರೆ ಹದಡಿ ರಸ್ತೆ ಬದಿ, ಹರಿಹರ ಕಡೆಯವರಾದರೆ ಪಿ.ಬಿ. ರಸ್ತೆಗೆ ಹತ್ತಿರ ಮನೆ ನೋಡಿ. ಬ್ರೋಕರ್ ಇದನ್ನೆಲ್ಲ ಕೇಳುವುದಿಲ್ಲ, ಆದರೆ ಅತ್ತೆಯೋ ಅಮ್ಮನೋ ತಿಂಗಳಿಗೆ ಎಷ್ಟು ಸಲ ಬರುತ್ತಾರೆ ಅನ್ನುವುದು ಇದರ ಮೇಲೆ ನಿಂತಿರುತ್ತದೆ.

ಬಾಡಿಗೆಯೋ ಭೋಗ್ಯವೋ

ಬಾಡಿಗೆಗಾದರೆ 11 ತಿಂಗಳ ಕರಾರು ಸಾಕು. ಭೋಗ್ಯದ ಆಸೆ ತೋರಿಸುವವರು ಬಹಳ ಇದ್ದಾರೆ, ಕೆಲವು ಲಕ್ಷ ಕೊಟ್ಟರೆ ಎರಡು ಮೂರು ವರ್ಷ ಬಾಡಿಗೆಯೇ ಇಲ್ಲ ಅಂತ. ಕೇಳಲು ಚೆಂದ. ಕೊಡುವ ಮುಂಚೆ ಆ ಮನೆ ಮೇಲೆ ಬ್ಯಾಂಕ್ ಸಾಲ ಇದೆಯಾ ನೋಡಿ. ಮಾಲೀಕರು ಕಂತು ಕಟ್ಟದೆ ಬ್ಯಾಂಕ್ ಹರಾಜಿಗೆ ಬಂದರೆ ನಿಮ್ಮ ಭೋಗ್ಯದ ದುಡ್ಡಿಗೆ ನೀವು ಅಲೆಯಬೇಕು. ಒಂದು ವರ್ಷ ಮೀರಿದ ಭೋಗ್ಯದ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು, ಬರೀ ಬಾಂಡ್ ಪೇಪರ್ ಮೇಲೆ ಬರೆದುಕೊಂಡರೆ ಅದಕ್ಕೆ ಬಲ ಇಲ್ಲ. ನೋಂದಣಿಗೆ ಮಾಲೀಕರು ಒಪ್ಪದಿದ್ದರೆ ಅದೇ ಉತ್ತರ ಅಂದುಕೊಂಡು ಎದ್ದು ಬನ್ನಿ.

ಕರೆಂಟ್ ಮೀಟರ್ ನಿಮ್ಮ ಪೋರ್ಷನ್‌ಗೆ ಬೇರೆ ಇದೆಯಾ ಅನ್ನುವುದೂ ದುಡ್ಡಿನ ಮಾತೇ. ಗೃಹಜ್ಯೋತಿ 200 ಯೂನಿಟ್‌ವರೆಗೆ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಆ ಮೀಟರ್‌ನ ಆರ್‌ಆರ್ ನಂಬರಿಗೆ ನಿಮ್ಮ ಆಧಾರ್ ಜೋಡಿಸಬೇಕು. ಹಿಂದೆ ಇದ್ದವರ ಆಧಾರ್ ಬಿಡಿಸಿದ್ದಾರಾ ಕೇಳಿಕೊಳ್ಳಿ. ಮೂರು ಮನೆಗೆ ಒಂದೇ ಮೀಟರ್ ಇದ್ದರೆ ಯೂನಿಟ್ ಎಲ್ಲ ಒಟ್ಟು ಸೇರಿ ಮಿತಿ ದಾಟುತ್ತದೆ, ಬಿಲ್ ನಿಮ್ಮ ತಲೆ ಮೇಲೆ.

ಸೈಟ್ ಕೊಳ್ಳುವುದಾದರೆ

ಆ ಕಡೆ ಒಂದು ವರ್ಷ ಬಾಡಿಗೆಗೆ ಇದ್ದು ಒಂದು ಮಳೆಗಾಲ, ಒಂದು ಬೇಸಿಗೆ ನೋಡಿ ಆಮೇಲೆ ಸೈಟಿಗೆ ಕೈ ಹಾಕಿ. ಅಷ್ಟರಲ್ಲಿ ದರ ಏರಿಬಿಡುತ್ತದೆ ಅಂತ ಹೆದರಿಸುವವರು ಮಾರುವವರು, ಮತ್ತೆ ಯಾರೂ ಅಲ್ಲ.

ಜಾಗ ನಗರಪಾಲಿಕೆ ವ್ಯಾಪ್ತಿಯದಾ, ಗ್ರಾಮ ಪಂಚಾಯಿತಿಯದಾ ಮೊದಲು ತಿಳಿದುಕೊಳ್ಳಿ. ಪಾಲಿಕೆಯಾದರೆ ಇ-ಖಾತಾ, ಪಂಚಾಯಿತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಲೇಔಟ್‌ಗೆ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ, ಅಂದರೆ ನಮ್ಮ ದೂಡಾದ ಅನುಮೋದನೆ ಇರಬೇಕು. "ದೂಡಾ ಅಪ್ರೂವ್ಡ್" ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಆಗಲಿಲ್ಲ. ನಕ್ಷೆ ತೆಗೆಸಿ, ನಿಮಗೆ ತೋರಿಸಿದ ಸೈಟ್ ನಂಬರ್ ಅದರಲ್ಲಿದೆಯಾ, ಪಾರ್ಕಿಗೋ ರಸ್ತೆಗೋ ಬಿಟ್ಟ ಜಾಗವಾ ನೋಡಿ. ಸೈಟ್‌ಗಳನ್ನು ಪ್ರಾಧಿಕಾರ ಹಂತ ಹಂತವಾಗಿ ಬಿಡುಗಡೆ ಮಾಡುತ್ತದೆ, ನಿಮ್ಮ ನಂಬರ್ ಬಿಡುಗಡೆಯಾಗಿದೆಯಾ ಕೇಳಿ. 500 ಚದರ ಮೀಟರ್ ಮೀರಿದ ಲೇಔಟ್ ಆದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ಅಂದರೆ ರೇರಾದ ನೋಂದಣಿಯೂ ಬೇಕು. ಅದನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಮನೆಯಲ್ಲೇ ಕೂತು ನೋಡಬಹುದು.

ಕಂದಾಯ ಭೂಮಿಯನ್ನು ಅಲಿನೇಷನ್, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ, ಮಾಡಿಸದೆ ಸೈಟ್ ಮಾಡಿ ಮಾರುವವರು ಈಗಲೂ ಇದ್ದಾರೆ. 2025ರಲ್ಲಿ ಸರ್ಕಾರ ಇಂಥ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನ ಮಾಡಿತು ನಿಜ, ಅದನ್ನೇ ತೋರಿಸಿ "ಎಲ್ಲ ಸಕ್ರಮ ಆಯ್ತು" ಅನ್ನುತ್ತಾರೆ. ಬಿ-ಖಾತಾ ತೆರಿಗೆ ಕಟ್ಟಲು ಒಂದು ದಾರಿ, ಲೇಔಟ್ ಅನುಮೋದನೆ ಅಲ್ಲ. ಸೈಟ್ ಮೇಲೆ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆಗೆಯಿರಿ, ಅದು ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಪತ್ರದಲ್ಲಿರುವ ನಂಬರ್ ಅದೇನಾ, ಕೆರೆ, ಹಳ್ಳ, ಖರಾಬು ಏನಾದರೂ ಪಕ್ಕದಲ್ಲಿದೆಯಾ ಗೊತ್ತಾಗುತ್ತದೆ. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಇಸಿ, ಅಂದರೆ ಋಣಭಾರ ಪತ್ರ, ತೆಗೆಸುವಾಗ ಹದಿನೈದಲ್ಲ, ಮೂವತ್ತು ವರ್ಷದ್ದು ತೆಗೆಸಿ. ಮೂಲ ಜಮೀನು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದಾ ಅನ್ನುವುದನ್ನು ವಕೀಲರಿಂದಲೇ ನೋಡಿಸಿ. ಹಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಮಾರಾಟ ಕಾನೂನಿನ ಮುಂದೆ ನಿಲ್ಲುವುದಿಲ್ಲ. 2023ರ ತಿದ್ದುಪಡಿಯಲ್ಲಿ ಪ್ರಶ್ನಿಸಲು ಕಾಲಮಿತಿ ಇಲ್ಲ ಎಂದಿದೆ, ಹಾಗಾಗಿ ಹಳೇ ಮಾರಾಟಕ್ಕೂ ತಕರಾರು ಬರಬಹುದು.

ಬಜೆಟ್ ಹಾಕುವಾಗ ಸೈಟಿನ ದರ ಒಂದನ್ನೇ ಹಿಡಿಯಬೇಡಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಎಲ್ಲ ಸೇರಿ ಶೇ ಏಳೂವರೆ ದಾಟುತ್ತದೆ, ಅಂದರೆ 20 ಲಕ್ಷದ ಸೈಟಿಗೆ ಒಂದೂವರೆ ಲಕ್ಷ ಬೇರೆ ಇಟ್ಟುಕೊಳ್ಳಿ. ವಕೀಲರ ಫೀ, ಖಾತೆ ಬದಲಾವಣೆ ಇದರ ಮೇಲೆ.

ಕೈಯಲ್ಲಿ ಪೂರ್ತಿ ದುಡ್ಡು ಇದ್ದರೂ ಸ್ವಲ್ಪ ಭಾಗಕ್ಕಾದರೂ ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕಿ. ಬ್ಯಾಂಕಿನ ವಕೀಲರು ಕಾಗದ ಪತ್ರ ಪೂರ್ತಿ ಜಾಲಾಡುತ್ತಾರೆ, ಅದಕ್ಕೆ ಖರ್ಚಾಗುವುದು ಕೆಲವು ಸಾವಿರ. "ಸಾಲ ಗೀಲ ಬೇಡ, ಕ್ಯಾಶ್ ಕೊಟ್ಟರೆ ಕಮ್ಮಿ ಮಾಡಿಕೊಡ್ತೀನಿ" ಅಂತ ಮಾರುವವರು ಪಟ್ಟು ಹಿಡಿದರೆ ಆ ಸೈಟ್ ಬಿಡಿ, ಅದೇ ದರಕ್ಕೆ ಪಕ್ಕದ ಲೇಔಟ್‌ನಲ್ಲಿ ಇನ್ನೊಂದು ಸಿಗುತ್ತದೆ.